ಉಲ್ಟಾ ಗೇರಿನ ಬೋಟು

ಕಣ್ಣಿನ ಪರೀಕ್ಷೆಯಲ್ಲಿ ಮಾವ ನಪಾಸಾದದ್ದು ಕಣ್ಣು ಕಾಣದ್ದಕ್ಕಲ್ಲ, ನೆನಪಿನ ಶಕ್ತಿ ಹೆಚ್ಚಾದದ್ದಕ್ಕೆ. ಬಂದರು ಕಚೇರಿಯ ಗೋಡೆಯ ಮೇಲಿದ್ದ ಅಕ್ಷರಗಳ ಹಲಗೆಯನ್ನು ಅವರು ಎಂದೋ ಬಾಯಿಪಾಠ ಮಾಡಿಕೊಂಡಿದ್ದರು. ಈ ಸಲವೂ ಎದೆಯುಬ್ಬಿಸಿ ನಿಂತು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ಡಾಕ್ಟರು ಸಮಾಧಾನವಾಗಿ ಪೂರ್ತಿ ಕೇಳಿ, "ತುಂಬಾ ಚೆನ್ನಾಗಿ ಹೇಳಿದ್ರಿ ಯಜಮಾನ್ರೇ. ಆದ್ರೆ ಆ ಹಲಗೆ ಹೋದ ತಿಂಗಳೇ ತೆಗೆದ್ವಿ. ಈಗ ಅಲ್ಲಿರೋದು ಬರೀ ಚಿತ್ರಗಳು" ಎಂದರು.

ಅಲ್ಲಿಗೆ ಮಾವನ ಲೈಸೆನ್ಸು ಮುಗಿಯಿತು. ನಡೆಸುವವರಿಗೆ ಲೈಸೆನ್ಸಿಲ್ಲದ ಬೋಟಿಗೆ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಜಾಗವಿಲ್ಲ ಎಂಬುದು ಕಚೇರಿಯ ಕಾನೂನು. ಆ ಜಾಗದ ಮೇಲೆ ಪಕ್ಕದ ಬಿಳಿ ಬೋಟಿನವನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಅವನು ಬೆಳಗಿನ ವಾಕಿಂಗಿನ ನೆಪದಲ್ಲಿ ಬಂದು ಅದನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದ. ಅಳೆದು ಮುಗಿದ ಮೇಲೆ, "ಕ್ಯಾಪ್ಟನ್ರೇ, ಕಣ್ಣು ಹೇಗಿದೆ?" ಎಂದು ಬಹಳ ಕಳಕಳಿಯಿಂದ ವಿಚಾರಿಸುತ್ತಿದ್ದ.

ಉಳಿದದ್ದು ಒಂದೇ ದಾರಿ. ಸೊಸೆ ಪರೀಕ್ಷೆಗೆ ಕೂರಬೇಕು.

ಸೊಸೆಯನ್ನು ಬಂದರಿನಲ್ಲಿ ಎಲ್ಲರೂ ಹಗ್ಗದಕ್ಕ ಎನ್ನುತ್ತಿದ್ದರು. ಮದುವೆಯಾಗಿ ಬಂದ ವಾರದಲ್ಲೇ ಮಾವ ಕೈಗೆ ಹಗ್ಗ ಕೊಟ್ಟು ಅವಳನ್ನು ಬೋಟಿನಿಂದ ದಕ್ಕೆಗೆ ಹಾರಿಸಿದ್ದರು. ಅಂದಿನಿಂದ ಹಗ್ಗ ಅವಳ ಕೈ ಬಿಟ್ಟಿರಲಿಲ್ಲ. ಮಾವನ ಕಣ್ಣು ಮಸುಕಾಗುತ್ತ ಬಂದಂತೆ ಚುಕ್ಕಾಣಿಯೂ ಅವಳ ಪಾಲಿಗೆ ಬಂತು. ಮೊದಮೊದಲು ಮಾವ ಚುಕ್ಕಾಣಿ ಹಿಡಿದು ನಿಲ್ಲುವುದು, ಅವಳು ಬೆನ್ನ ಹಿಂದಿನಿಂದ "ಮಾವ, ಒಂಚೂರು ಎಡಕ್ಕೆ, ಅಲ್ಲಿ ಬಂಡೆ ಇದೆ" ಎಂದು ಪಿಸುಗುಡುವುದು, "ಬಂಡೆ ಇರೋದು ನಂಗೊತ್ತಿಲ್ವಾ? ನಾನು ಹುಟ್ಟೋಕೆ ಮುಂಚಿಂದ ಅಲ್ಲೇ ಇದೆ" ಎಂದು ಗದರಿಕೊಂಡು ಅವರು ತಿರುಗಿಸುವುದು. ಆಮೇಲಾಮೇಲೆ ಅವಳೇ ಹಿಡಿದಳು. ಮಾವ ಟೋಪಿ ಹಾಕಿಕೊಂಡು ಮುಂದೆ ಕುಳಿತು, ಎದುರು ಬರುವ ಬೋಟುಗಳಿಗೆ ಕೈಬೀಸುವ ಇಲಾಖೆ ನೋಡಿಕೊಂಡರು. ಕೆಲವೊಮ್ಮೆ ಬಂಡೆಗೂ ಬೀಸುತ್ತಿದ್ದರು.

ಇಂಜಿನ್ನು ಅವಳ ಗಂಡನ ಪಾಲಿಗೆ. ಅವನಿಗೆ ಗ್ರೀಸಪ್ಪ ಎಂದು ಯಾರು ಹೆಸರಿಟ್ಟರೋ, ಸುಮ್ಮನೆ ಇಟ್ಟಿರಲಿಲ್ಲ. ಮದುವೆಯ ಆಲ್ಬಮ್ಮಿನ ಪ್ರತಿ ಫೋಟೋದ ಅಂಚಿನಲ್ಲೂ ಅವನ ಕಪ್ಪು ಹೆಬ್ಬೆಟ್ಟು ಬಿದ್ದಿದೆ.

ಇನ್ನು ಗೇರಿನ ವಿಷಯ. ಕೆಲವು ವರ್ಷಗಳ ಹಿಂದೆ ಹಳೆಯ ಗೇರ್‌ಬಾಕ್ಸು ಪ್ರಾಣ ಬಿಟ್ಟಾಗ ಗ್ರೀಸಪ್ಪ ಗುಜರಿಯಿಂದ ಇನ್ನೊಂದು ತಂದು ಕೂರಿಸಿದ್ದ. ಅದು ಬೇರೆ ಯಾವುದೋ ಬೋಟಿನದು, ಕೇಬಲ್ಲು ಆಚೆ ಬದಿಯಿಂದ ಬಂದು ಸೇರಿಕೊಂಡಿತು. ಪರಿಣಾಮವಾಗಿ, ಚುಕ್ಕಾಣಿಯ ಪಕ್ಕದ ಗೇರಿನ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಬೋಟು ಹಿಂದಕ್ಕೆ ಹೋಗುತ್ತಿತ್ತು, ತನ್ನ ಕಡೆಗೆ ಎಳೆದುಕೊಂಡರೆ ಮುಂದಕ್ಕೆ. ಲೋಕದ ಬೋಟುಗಳದ್ದೆಲ್ಲ ಒಂದು ದಾರಿ, ಇದರದ್ದು ಇನ್ನೊಂದು. "ನಾಳೆ ಸರಿ ಮಾಡ್ತೀನಿ" ಎಂದ ಗ್ರೀಸಪ್ಪ. ಆ ನಾಳೆ ಬರುವುದರೊಳಗೆ ಮನೆಯವರ ಕೈಗಳಿಗೆಲ್ಲ ಉಲ್ಟಾ ಗೇರೇ ರೂಢಿಯಾಗಿತ್ತು. "ಬಿಡೋ ಅತ್ಲಾಗೆ, ಹೋಗುತ್ತಲ್ಲ, ಅಷ್ಟು ಸಾಕು" ಎಂದರು ಮಾವ. ಅದರಿಂದ ಲಾಭವೂ ಇತ್ತು. ಒಮ್ಮೆ ಕಳ್ಳನೊಬ್ಬ ಬಂದು ಹಗ್ಗ ಬಿಚ್ಚಿ, ಬೋಟನ್ನು ಕೋಲಿನಿಂದ ದೂಡಿ ತಿರುಗಿಸಿ, ಇಂಜಿನ್ ಹಚ್ಚಿ, ಪರಾರಿಯಾಗುವ ಆತುರದಲ್ಲಿ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹಿಮ್ಮುಖವಾಗಿ ಓಡಿ ಕೆಸರಿನಲ್ಲಿ ಹೂತು ಕುಳಿತ. ಬೆಳಿಗ್ಗೆ ಮಾವನೇ ಚಹಾ ಕೊಟ್ಟು ಇಳಿಸಿಕೊಂಡರು. ಅವನು ಚಹಾ ಕುಡಿದು, "ನಿಮ್ಮ ಬೋಟಿಗೆ ತಲೆ ಕೆಟ್ಟಿದೆ" ಎಂದು ಬೈದು ಹೋದ.

ಪರೀಕ್ಷೆಯೆಂದರೆ, ಕಚೇರಿಯ ಸಾಹೇಬರೊಬ್ಬರು ಇಡೀ ದಿನ ಬೋಟಿನಲ್ಲಿ ಕುಳಿತು, ಮಾಮೂಲಿ ಪ್ರಯಾಣಿಕರನ್ನು ಮಾಮೂಲಿನಂತೆ ಸುತ್ತಾಡಿಸುವುದನ್ನು ನೋಡುವುದು. ತೆರೆದ ಸಮುದ್ರಕ್ಕೆ ಹೋಗುವಂತಿಲ್ಲ. ದ್ವೀಪಗಳ ಸಾಲಿನ ಒಳಗಿನ ಶಾಂತ ನೀರಿನಲ್ಲೇ ತಿರುಗಬೇಕು. ಅಲ್ಲಿ ಅಲೆಯೆಂದರೆ ಪಕ್ಕದಲ್ಲಿ ಬೋಟು ಹೋದಾಗ ಎದ್ದದ್ದು ಅಷ್ಟೆ. ಆದರೆ ಇದರಲ್ಲಿ ನಪಾಸಾದರೆ ಮತ್ತೆ ಪರೀಕ್ಷೆ ಮುಂದಿನ ವರ್ಷ. ಅಷ್ಟರಲ್ಲಿ ದಕ್ಕೆಯ ಜಾಗ ಬಿಳಿ ಬೋಟಿನವನದಾಗಿ, ಅಲ್ಲಿ ಅವನ ಲೌಡ್‌ಸ್ಪೀಕರ್ ಹಾಡುತ್ತಿರುತ್ತದೆ.

ಆ ದಿನ ಬೆಳಿಗ್ಗೆ ಬೋಟು ಹತ್ತುವ ಮೊದಲು ಹಗ್ಗದಕ್ಕ ಗಂಡನನ್ನು ಬದಿಗೆ ಕರೆದಳು.

"ರೀ, ಇವತ್ತು ಸಂಜೆ ತನಕ ನೀವು ಬಾಯಿ ಬಿಡಬಾರದು."

"ಆದ್ರೆ ಒಂದು ವಿಷಯ..."

"ಆ ಒಂದು ವಿಷಯಾನೇ ಬೇಡ. ಹೊರಡೋ ಹೊತ್ತಿಗೆ 'ಬೆಲ್ಟು ಕಿತ್ತುಹೋದ್ರೆ? ಪಂಪು ನಿಂತ್ರೆ?' ಅಂತ ಶುರು ಹಚ್ಕೋತೀರ. ನನ್ನ ಕೈಕಾಲು ಬಿದ್ದುಹೋಗುತ್ತೆ. ನನ್ನಾಣೆ, ಸಂಜೆ ತನಕ ಬಾಯಿಗೆ ಬೀಗ."

ಹೆಂಡತಿಯ ಆಣೆ ಮೀರುವ ಧೈರ್ಯ ಗ್ರೀಸಪ್ಪನಿಗೆ ಯಾವತ್ತೂ ಇರಲಿಲ್ಲ. ಬಾಯಿ ಮುಚ್ಚಿದ. ಮುಚ್ಚಿಕೊಂಡು ಗಾಳಿಯಲ್ಲಿ ಕೈಯಾಡಿಸಿ, ಏನನ್ನೋ ತಳ್ಳಿದಂತೆ, ಎಳೆದಂತೆ, ಮತ್ತೆ ತಳ್ಳಿದಂತೆ ಮಾಡಿ ತೋರಿಸಿದ.

"ಹಿಟ್ಟು ನಾದೋದು ಆಮೇಲೆ. ಕೆಳಗೆ ಇಂಜಿನ್ ಹತ್ರ ಹೋಗಿ" ಎಂದಳು.

ಸಾಹೇಬರು ಬಂದರು. ಸಣ್ಣ ಆಳು, ದೊಡ್ಡ ಕೊಡೆ. ಕೈಯಲ್ಲಿ ಪುಸ್ತಕವಿಲ್ಲ, ಪೆನ್ನಿಲ್ಲ. ಇಂಜಿನ್ನಿನ ಪೆಟ್ಟಿಗೆಯ ಮೇಲೆ, ಚುಕ್ಕಾಣಿಗೆ ಹತ್ತಿರದಲ್ಲೇ ಕುಳಿತು ಎಡಗೈ ಎತ್ತಿ ತೋರಿಸಿದರು. "ನನ್ನ ಲೆಕ್ಕ ಎಲ್ಲ ಇಲ್ಲೇ ಅಮ್ಮ. ಒಂದು ತಪ್ಪಿಗೆ ಒಂದು ಬೆರಳು ಮಡಚ್ತೀನಿ. ಮೂರನೇ ಬೆರಳು ಮಡಚಿದ್ರೆ ಪರೀಕ್ಷೆ ಮುಗೀತು. ಅಲ್ಲಿ ತನಕ ನಾನು ಇದ್ದೀನಿ ಅನ್ನೋದೇ ಮರೆತುಬಿಡಿ."

ಹಾಗೆಂದವರ ಕೈ ಮೂಗಿನ ಮುಂದೆಯೇ ಇರುವಾಗ ಮರೆಯುವುದು ಹೇಗೆ?

ಪ್ರಯಾಣಿಕರಾಗಿ ಬಂದದ್ದು ಒಬ್ಬ ಅಜ್ಜಿ, ಅವರ ಇಬ್ಬರು ಹೆಣ್ಣುಮಕ್ಕಳು, ಮತ್ತು ಎಲ್ಲರ ಚೀಲ ಹೊತ್ತ ಒಬ್ಬ ಅಳಿಯ. ಅಜ್ಜಿ ಕೂರುವ ಮೊದಲೇ ಕೇಳಿದರು, "ಇದರ ಡ್ರೈವರ್ ಯಾರು?"

"ನಾನೇ ಅಜ್ಜಿ."

"ಒಳ್ಳೇದಾಯ್ತು. ನಮ್ಮ ಅಳಿಯಂದಿರು ಕಾರು ಓಡಿಸಿ ನನ್ನ ಸೊಂಟ ಇನ್ನೂ ಸರಿಹೋಗಿಲ್ಲ."

ಅಳಿಯ ಚೀಲಗಳ ಹಿಂದೆ ಮರೆಯಾದ.

ಬೋಟು ದಕ್ಕೆಗೆ ಮೂತಿ ಕೊಟ್ಟು ನಿಂತಿತ್ತು. ಹಿಂದಕ್ಕೆ ತೆಗೆಯಬೇಕು. ಮಾವ ಹಗ್ಗ ಬಿಚ್ಚಿದರು. ಹಗ್ಗದಕ್ಕ ಹಿಡಿಯನ್ನು ದಿನಾ ಮಾಡುವಂತೆ ಮುಂದಕ್ಕೆ ತಳ್ಳಿದಳು. ಬೋಟು ಮಹಾ ಶೂರನಂತೆ ಮುನ್ನುಗ್ಗಿ ದಕ್ಕೆಗೆ ಗುದ್ದಿತು. ಅಂಚಿಗೆ ಕಟ್ಟಿದ್ದ ಟೈರುಗಳು ಕಿರ್ರೆಂದವು. ಅಜ್ಜಿಯ ದೊಡ್ಡ ಮಗಳು ಹಾರಿಬಂದು ಸಾಹೇಬರ ಮಡಿಲಲ್ಲಿ ಕುಳಿತಳು. ದಕ್ಕೆಯ ಮೇಲೆ ಬಿಳಿ ಬೋಟಿನವನು ಚಪ್ಪಾಳೆ ತಟ್ಟಿದ.

"ಆಗ್ಲೇ ಬಂತಾ?" ಎಂದರು ಅಜ್ಜಿ.

ಸಾಹೇಬರು ಮಡಿಲು ಖಾಲಿಯಾಗುವವರೆಗೆ ಕಾದು, ಕಿರುಬೆರಳು ಮಡಚಿದರು.

ಹಗ್ಗದಕ್ಕ ಬಗ್ಗಿ ಹಿಡಿಯ ಬುಡ ನೋಡಿದಳು. ಅಲ್ಲಿ ಹೊಸ ಬೋಲ್ಟೊಂದು ಫಳಫಳ ಹೊಳೆಯುತ್ತಿತ್ತು, ಸುತ್ತ ತಾಜಾ ಗ್ರೀಸು. ಆಮೇಲೆ ಇಂಜಿನ್ ಕೋಣೆಯ ಬಾಗಿಲು ನೋಡಿದಳು. ಅಲ್ಲಿಂದ ಗಂಡನ ತಲೆ ಮೇಲೆ ಬಂದಿತ್ತು, ಕೈಗಳು ಮತ್ತೆ ಹಿಟ್ಟು ನಾದುತ್ತಿದ್ದವು. ಈಗ ಅರ್ಥವಾಯಿತು. ವರ್ಷಗಟ್ಟಲೆ ಬಾರದಿದ್ದ ಗ್ರೀಸಪ್ಪನ ಆ 'ನಾಳೆ' ನಿನ್ನೆ ಸಂಜೆ ಬಂದುಬಿಟ್ಟಿತ್ತು.

ಅವಳು ಅವನನ್ನು ಒಮ್ಮೆ ನೋಡಿದಳು. ಅವನ ತಲೆ ಕೆಳಗಿಳಿಯಿತು. ಹಿಡಿಯನ್ನು ಯೋಚಿಸಿ ಯೋಚಿಸಿ, ಬೇರೆಯವರ ಮನೆಯ ಬಾಗಿಲು ತೆರೆಯುವಂತೆ, ಮೆಲ್ಲಗೆ ತನ್ನ ಕಡೆಗೆ ಎಳೆದಳು. ಬೋಟು ಹಿಂದೆ ಸರಿಯಿತು.

"ಏನಮ್ಮ, ಅಷ್ಟು ದೊಡ್ಡ ದಕ್ಕೆ ಕಾಣಲಿಲ್ವಾ?" ಮುಂದಿನಿಂದ ಮಾವ ಕೂಗಿದರು. "ಕಣ್ಣು ತೋರಿಸ್ಕೋ. ಡಾಕ್ಟರು ಒಳ್ಳೆಯವರು."

ಹೊರಬಿದ್ದ ಮೇಲೆ ಚಿಂತೆಯಿರಲಿಲ್ಲ. ಬರೀ ಮುಂದಕ್ಕೆ ಹೋಗುವಾಗ ಹಿಡಿಯನ್ನು ಮುಟ್ಟುವ ಕೆಲಸವೇ ಇಲ್ಲ. ನೀರು ಒರೆಸಿಟ್ಟ ಕಲ್ಲಿನ ನೆಲದಂತೆ ಮಲಗಿತ್ತು. ನೀರುಕಾಗೆಗಳು ಗೂಟಗಳ ಮೇಲೆ ರೆಕ್ಕೆ ಹರಡಿ, ಒಗೆದ ಬಟ್ಟೆಯಂತೆ ಒಣಗುತ್ತಿದ್ದವು. ದ್ವೀಪಗಳ ನಡುವಿನ ಓಣಿಗಳಲ್ಲಿ ಎಲ್ಲಿ ಮರಳು ಮೇಲೆದ್ದಿದೆ, ಎಲ್ಲಿ ನೀರಿನ ಬಣ್ಣ ನಂಬಬಾರದು ಎಂಬುದು ಹಗ್ಗದಕ್ಕನಿಗೆ ತನ್ನ ಅಡುಗೆಮನೆಯ ಡಬ್ಬಿಗಳಷ್ಟೇ ಗೊತ್ತು. ಸಾಹೇಬರ ಮುಖ ಸ್ವಲ್ಪ ಸಡಿಲವಾಯಿತು. ಬೆರಳು ಮಾತ್ರ ಮಡಚಿಯೇ ಇತ್ತು.

ಚಹಾ ಕೊಟ್ಟರೆ ಲೋಟವನ್ನೂ ಹಾಗೇ ಹಿಡಿದರು. ಅಜ್ಜಿ ಅದನ್ನೇ ನೋಡುತ್ತಿದ್ದವರು ಹತ್ತಿರ ಸರಿದರು.

"ವಾತಾನಾ?"

"ಏನಮ್ಮ?"

"ಬೆರಳು. ನಮ್ಮ ಮನೆಯವರಿಗೂ ಹಿಂಗೇ ಆಗಿತ್ತು. ತಡೀರಿ, ಎಣ್ಣೆ ಇದೆ." ಅಜ್ಜಿ ಚೀಲದಿಂದ ಸೀಸೆ ತೆಗೆದು, ಕೇಳುವ ಮೊದಲೇ ಬೆರಳು ಹಿಡಿದು ತಿಕ್ಕತೊಡಗಿದರು. ಬಿಡಿಸಲು ಅಜ್ಜಿ, ಬಿಡಿಸದಿರಲು ಸಾಹೇಬರು.

"ಬೇಡಮ್ಮ, ಬಿಡಿ, ಇದು ಸರ್ಕಾರಿ ಬೆರಳು!"

"ಸರ್ಕಾರದ್ದಾದ್ರೆ ನೋಯಲ್ವಾ?"

ಬೆರಳು ತಪ್ಪಿಸಿಕೊಳ್ಳುವ ಆತುರಕ್ಕೋ, ನಿಜಕ್ಕೂ ಹೊತ್ತಾಗಿತ್ತೋ, ಸಾಹೇಬರು ತಟ್ಟನೆ ಎದ್ದು, ಬದಿಗೆ ನೇತುಹಾಕಿದ್ದ ಕೇಸರಿ ಟ್ಯೂಬನ್ನು ನೀರಿಗೆಸೆದು, "ಮನುಷ್ಯ ಬಿದ್ದ!" ಎಂದು ಕೂಗಿದರು.

ಇದು ಪರೀಕ್ಷೆಯ ದೊಡ್ಡ ಭಾಗ, ಟ್ಯೂಬೇ ಬಿದ್ದ ಮನುಷ್ಯ. ಬೋಟು ತಿರುಗಿಸಿ, ಬಿದ್ದವನ ಹತ್ತಿರ ಮೆಲ್ಲಗೆ ಬಂದು, ಹಿಂದಿನ ಗೇರು ಹಾಕಿ ಪಕ್ಕದಲ್ಲೇ ನಿಲ್ಲಿಸಬೇಕು. ಹಗ್ಗದಕ್ಕ ಚೆಂದವಾಗಿಯೇ ತಿರುಗಿಸಿದಳು. ಚೆಂದವಾಗಿಯೇ ಹತ್ತಿರ ಬಂದಳು. ಮಾವ ಕೊಕ್ಕೆಕೋಲು ಹಿಡಿದು ಬಗ್ಗಿದರು. ಆಗ ಅವಳ ಕೈ ಅವಳನ್ನು ಕೇಳದೆ, ರೂಢಿಯಂತೆ, ಹಿಡಿಯನ್ನು ಮುಂದಕ್ಕೆ ತಳ್ಳಿತು. ಬೋಟು ನಿಲ್ಲುವ ಬದಲು ಎಗರಿ, ಬಿದ್ದವನ ಮೇಲೆಯೇ ಹಾದುಹೋಯಿತು. ಟ್ಯೂಬು ಹಿಂಬದಿಯಲ್ಲಿ ಪುಳಕ್ಕನೆ ಮೇಲೆ ಬಂತು.

"ಅಯ್ಯೋ, ಯಾರ ಮನೆ ಮಗನೋ" ಎಂದರು ಅಜ್ಜಿ.

"ಅತ್ತೆ, ಅದು ಟ್ಯೂಬು" ಎಂದ ಅಳಿಯ.

"ಟ್ಯೂಬಾದ್ರೇನು, ಎಲ್ಲಾದ್ರೂ ಹಿಂಗೆ ಮೈಮೇಲೆ ಹಾಯಿಸ್ತಾರಾ?"

ಎರಡನೇ ಸುತ್ತಿನಲ್ಲಿ ಟ್ಯೂಬು ಸಿಕ್ಕಿತು. ಆದರೆ ಸಾಹೇಬರ ಎರಡನೇ ಬೆರಳು ಅಷ್ಟರಲ್ಲಿ ಮಡಚಿಯಾಗಿತ್ತು. "ಎರಡು" ಎಂದರು ಅವರು. "ಇನ್ನು ಉಳಿದಿರೋದು ದಕ್ಕೆಗೆ ವಾಪಸ್ ತಂದು ಕಟ್ಟೋದು. ಅಲ್ಲಿ ಏನಾದ್ರೂ ಗುದ್ದಿದ್ರೆ ಮೂರು."

ಮಧ್ಯಾಹ್ನ ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿದರು. ಪ್ರಯಾಣಿಕರು ಊಟದ ಡಬ್ಬಿ ಬಿಚ್ಚಿದರು. ಮಾವ ಉಂಡು, ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು, ಮುಂದೆ ಹಗ್ಗದ ಸುರುಳಿಯ ಮೇಲೆ ಗೊರಕೆ ಹೊಡೆಯತೊಡಗಿದರು. ಹಗ್ಗದಕ್ಕ ಇಂಜಿನ್ ಕೋಣೆಗೆ ಇಳಿದಳು.

"ಈಗ ಮಾತಾಡಿ."

ಗ್ರೀಸಪ್ಪ ತುಟಿ ಮುಟ್ಟಿ, ಅವಳ ತಲೆ ತೋರಿಸಿ, ಆಣೆಯ ನೆನಪು ಮಾಡಿದ.

"ಆಣೆ ಸ್ವಲ್ಪ ಹೊತ್ತು ಎತ್ತಿಟ್ಟಿದ್ದೀನಿ. ಮಾತಾಡ್ರೀ!"

"ಬೆಳಿಗ್ಗೆಯಿಂದ ಅದನ್ನೇ ಹೇಳೋಕೆ ಒದ್ದಾಡ್ತಿದ್ದೀನಿ" ಎಂದು ಅವನು ಉಸಿರುಬಿಟ್ಟ. "ಸಾಹೇಬ್ರು ಹಿಡಿ ಮುಟ್ಟಿ ನೋಡಿದ್ರೆ? ಉಲ್ಟಾ ಇರೋದು ಗೊತ್ತಾದ್ರೆ? ನೀನಲ್ಲ, ಬೋಟೇ ನಪಾಸು. ಅದಕ್ಕೇ ನಿನ್ನೆ ಕೂತು ಸರಿ ಮಾಡ್ದೆ. ನಿಂಗೆ ಖುಷಿಯಾಗ್ಲಿ ಅಂತ."

ಅವಳಿಗೆ ಬೈಯಬೇಕೆನಿಸಿತು. ಆದರೆ ಅವನು ಹೇಳಿದ್ದು ನ್ಯಾಯವಾಗಿತ್ತು. "ಸರಿಯಾದ ಕೆಲಸಾನ ಇಷ್ಟು ತಪ್ಪಾಗಿ ಮಾಡೋದು ನಿಮಗೊಬ್ಬರಿಗೇ ಸಾಧ್ಯ" ಎಂದಳು.

"ಮತ್ತೆ ಉಲ್ಟಾ ಮಾಡ್ಲಾ?"

"ಹೇಗೆ ಮಾಡ್ತೀರ? ಹಿಡಿ ಪಕ್ಕದಲ್ಲೇ ಪೆಟ್ಟಿಗೆ ಮೇಲೆ ಸಾಹೇಬ್ರು ಕೂತಿದ್ದಾರೆ."

ಇಬ್ಬರೂ ತಲೆಯೆತ್ತಿ ನೋಡಿದರು. ಮೇಲಿನ ಹಲಗೆ ಸಾಹೇಬರ ಭಾರಕ್ಕೆ ಕಿರುಗುಟ್ಟಿತು.

"ಹಾಗಾದ್ರೆ ದಕ್ಕೆ ಹತ್ರ ಬಂದಾಗ ಕೈ ತಪ್ಪಿದ್ರೆ?"

"ಎತ್ತಿಟ್ಟ ಆಣೆ ವಾಪಸ್ ಇಡ್ತಿದ್ದೀನಿ" ಎಂದು ಹಗ್ಗದಕ್ಕ ಮೇಲೆ ಬಂದಳು.

ವಾಪಸಿನ ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಕೈಗೆ ಪಾಠ ಹೇಳಿಕೊಟ್ಟಳು. ತಳ್ಳಿದರೆ ಮುಂದೆ, ಎಳೆದರೆ ಹಿಂದೆ. ಕೈ ತಲೆಯಾಡಿಸುತ್ತಿತ್ತು, ನಂಬಿಕೆ ಮಾತ್ರ ಬರುತ್ತಿರಲಿಲ್ಲ. ಮಾಡಿ ಮಾಡಿ ಹದವಾದ ಕೈ ಒಂದು ಮಧ್ಯಾಹ್ನದಲ್ಲಿ ಬುದ್ಧಿ ಕಲಿಯುತ್ತದೆಯೇ?

ಅಜ್ಜಿಗೆ ಹೊತ್ತು ಹೋಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಒಂದಾದ ಮೇಲೊಂದು ಪ್ರಶ್ನೆ ಎಸೆಯುತ್ತಿದ್ದರು. ಮಕ್ಕಳೆಷ್ಟು, ಮೀನಿಗೆ ನಿದ್ದೆ ಬರುತ್ತದೆಯೇ, ಆ ಟೋಪಿಯವರು ಯಾಕೆ ಬಂಡೆಗೆ ಕೈ ಬೀಸುತ್ತಾರೆ. ಹಗ್ಗದಕ್ಕ ತಿರುಗದೆಯೇ ಉತ್ತರ ಕೊಡುತ್ತಿದ್ದಳು.

"ಬೆನ್ನಿಗೆ ಮಾತಾಡೋಕಾಗಲ್ಲಮ್ಮ ನನಗೆ. ಈ ಕಡೆ ಮುಖ ಮಾಡು!"

ಎದುರಿಗೆ ದೂರದವರೆಗೆ ಖಾಲಿ ನೀರಿತ್ತು. ಹಗ್ಗದಕ್ಕ ವೇಗ ಇಳಿಸಿ, ಗೇರು ಬಿಡಿಸಿ, ಚುಕ್ಕಾಣಿಯ ಕಂಬದ ಮುಂಬದಿಗೆ ಬಂದು, ಬೋಟಿನ ಮೂತಿಗೆ ಬೆನ್ನು ಹಾಕಿ ಅಜ್ಜಿಯ ಎದುರು ನಿಂತಳು. "ಇಬ್ಬರು ಮಕ್ಕಳು ಅಜ್ಜಿ. ದೊಡ್ಡವಳು..." ಎನ್ನುತ್ತ, ನಿಂತ ಬೋಟನ್ನು ಮತ್ತೆ ಹೊರಡಿಸಲು, ಮಾತಿನ ಭರದಲ್ಲಿ ಹಿಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹಳೆಯ ರೂಢಿ. ಎಳೆದ ಮೇಲೆ ಹೊಸ ಗೇರು ನೆನಪಾಯಿತು.

ಬೋಟು ಮುಂದಕ್ಕೆ ಹೋಯಿತು.

ಅವಳು ಮಾತು ನಿಲ್ಲಿಸಿ ಹಿಡಿ ನೋಡಿದಳು. ತನ್ನಿಂದ ಆಚೆಗೆ ತಳ್ಳಿದಳು. ಬೋಟು ನಿಂತು, ಹಿಂದಕ್ಕೆ ಸರಿಯಿತು. ಗಂಡ ಗೇರು ತಿರುಗಿಸಿದ್ದ. ತಾನೂ ತಿರುಗಿ ನಿಂತರೆ ಎರಡೂ ಸರಿಹೋಗುತ್ತಿತ್ತು!

"ದೊಡ್ಡವಳು ಏನಮ್ಮ?" ಎಂದರು ಅಜ್ಜಿ.

"ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಅಜ್ಜಿ."

"ಬೇಡ, ನಂಗೆ ಸಕ್ಕರೆ ಕಾಯಿಲೆ."

ದಕ್ಕೆ ಕಾಣಿಸಿತು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಬಿಳಿ ಬೋಟು, ನಡುವೆ ಅವರ ಜಾಗ. ಬಿಳಿ ಬೋಟಿನವನು ಕುರ್ಚಿ ಹಾಕಿಕೊಂಡು ಕುಳಿತಿದ್ದ, ಹಾಡು ಕೂಡ ನಿಲ್ಲಿಸಿದ್ದ. ಸಾಹೇಬರು ಕೈಯನ್ನು ಮಂಡಿಯ ಮೇಲಿಟ್ಟುಕೊಂಡರು, ಮೂರನೇ ಬೆರಳು ತಯಾರಾಗಿ ನಿಂತಿತ್ತು.

ಹಗ್ಗದಕ್ಕ ದಕ್ಕೆಯ ಮುಂದೆ ಬಂದು ಬೋಟನ್ನು ಪೂರ್ತಿ ಸುತ್ತಿಸಿದಳು. ಮೂತಿ ನೀರಿನ ಕಡೆ, ಬೆನ್ನು ದಕ್ಕೆಯ ಕಡೆ. ಆಮೇಲೆ ಚುಕ್ಕಾಣಿಯ ಕಂಬದ ಮುಂಬದಿಗೆ ಸುತ್ತಿ ಬಂದು ಹಿಂಬದಿಗೆ ಮುಖ ಮಾಡಿ ನಿಂತಳು.

"ಏಯ್, ಏನಮ್ಮ ಇದು, ಎಮ್ಮೆ ಕೊಟ್ಟಿಗೆಗೆ ಹಿಂದ್ಹಿಂದಕ್ಕೆ ಹೋಗುತ್ತಾ?" ಎಂದು ಮಾವ ಅರಚಿದರು. "ಎಲ್ಲರ ಹಾಗೆ ಮೂತಿ ಕೊಟ್ಟು ತಾ!"

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಡಿಯನ್ನು ಆಚೆ ತಳ್ಳಿದಳು, ಬೋಟು ದಕ್ಕೆಯತ್ತ ಹೊರಟಿತು. ಚುಕ್ಕಾಣಿಯೂ ಕೈಗೆ ಸಲೀಸಾಗಿತ್ತು. ಎಡಕ್ಕೆ ತಿರುಗಿಸಿದರೆ ಅವಳ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಬಿಳಿ ಬೋಟು ಪಕ್ಕದಲ್ಲಿ ಕೈಗೆಟುಕುವಷ್ಟು ಹತ್ತಿರ ಸರಿದುಹೋಯಿತು. ಅದರ ಯಜಮಾನ ಕಾಲು ಮೇಲೆತ್ತಿಕೊಂಡ. ದಕ್ಕೆ ಹತ್ತಿರವಾದಾಗ ಅವಳ ಕೈ ಅವಳನ್ನು ಕೇಳದೆ ಹಿಡಿಯನ್ನು ತನ್ನ ಕಡೆಗೆ ಎಳೆಯಿತು. ಅವಳು ಬಿಟ್ಟಳು, ಈಗ ಕೈ ಹೇಳಿದ್ದೇ ಸರಿ. ಬೋಟು ಉಸಿರು ಹಿಡಿದಂತೆ ನಿಂತು, ಟೈರುಗಳನ್ನು ಒಮ್ಮೆ ಸವರಿತು. ಅಷ್ಟೆ. ಅಜ್ಜಿ ಹಿಂದಿನ ಬೆಂಚಿನಿಂದ ಎದ್ದು, ಅಳಿಯನ ಕೈ ಹಿಡಿಯದೆಯೇ ದಕ್ಕೆಗೆ ಕಾಲಿಟ್ಟರು.

"ಇದು ಇಳಿಸೋ ರೀತಿ" ಎಂದರು ಅಳಿಯನಿಗೆ.

ಮಾವ ಗೊಣಗುತ್ತ ಹಗ್ಗ ಕಟ್ಟಲು ದಕ್ಕೆಗೆ ಹತ್ತಿದರು. ಸಾಹೇಬರು ಮಾತ್ರ ಎದ್ದಿರಲಿಲ್ಲ. ದನಿ ತಗ್ಗಿಸಿ ಕೇಳಿದರು, "ಈ ಗೇರು ನಿನ್ನೆ ತನಕ ಉಲ್ಟಾ ಇತ್ತು, ಅಲ್ವಾ?"

ಹಗ್ಗದಕ್ಕ ಸುಳ್ಳು ಹೇಳಬಹುದಿತ್ತು. ಆದರೆ ಬೆಳಿಗ್ಗೆಯಿಂದ ಕೈ ಹೇಳಿದ ಸುಳ್ಳುಗಳೇ ಸಾಕಾಗಿದ್ದವು. "ಹೌದು ಸಾರ್. ನಿಮಗೆ ಹೇಗೆ ಗೊತ್ತಾಯ್ತು?"

"ಯಾವುದೋ ಕಳ್ಳ ಕಚೇರಿಗೆ ಬಂದು ದೂರು ಕೊಟ್ಟಿದ್ದ. 'ಇಂಥ ಬೋಟನ್ನ ನೀರಲ್ಲಿ ಬಿಡ್ತೀರಲ್ಲ ಸ್ವಾಮಿ, ಯಾರಿಗಾದ್ರೂ ಅಪಾಯ ಆದ್ರೆ?' ಅಂತ. ಅವನ ಮಾತು ಎಷ್ಟು ನಂಬೋದು? ನಾನೇ ನೋಡೋಣ, ಉಲ್ಟಾ ಇದ್ರೆ ದಕ್ಕೆಯಲ್ಲೇ ನಿಲ್ಲಿಸಿಬಿಡೋಣ ಅಂತ ಬಂದೆ. ನೀವು ಹಿಡಿ ಮುಂದಕ್ಕೆ ತಳ್ಳಿ ಹೋಗಿ ಗುದ್ದಿದ್ರಲ್ಲ, ಆಗ್ಲೇ ಗೊತ್ತಾಯ್ತು ಗೇರು ಸರಿಯಾಗಿದೆ ಅಂತ." ಸಾಹೇಬರು ಎದ್ದು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅಜ್ಜಿಯ ಎಣ್ಣೆಗೆ ಅವು ಘಮಘಮ ಎನ್ನುತ್ತಿದ್ದವು. "ಎರಡೇ ಆಯ್ತು. ಕೈ ಮಾತು ಕೇಳದಿದ್ರೂ ಜಾಗಕ್ಕೆ ತಂದು ನಿಲ್ಲಿಸಿದ್ರಲ್ಲ, ನನಗೆ ಬೇಕಾಗಿದ್ದು ಅದು. ನಾಳೆ ಬಂದು ಲೈಸೆನ್ಸು ತಗೊಳ್ಳಿ. ಇನ್ಮೇಲೆ ಮಾತ್ರ ಆ ಗೇರನ್ನ ಯಾರೂ ಮುಟ್ಟಬಾರದು."

ಇಂಜಿನ್ ಕೋಣೆಯ ಬಾಗಿಲಲ್ಲಿ ಗ್ರೀಸಪ್ಪನ ಮುಖ ಅರಳಿತು. ಸದ್ದಿಲ್ಲದೆ.

ಸಾಹೇಬರು ಕೊಡೆ ಬಿಚ್ಚಿಕೊಂಡು ದಕ್ಕೆ ಹತ್ತಿದರು. ಸೊಸೆ ಪಾಸಾದ ಸುದ್ದಿ ಅವರ ಬಾಯಿಂದಲೇ ಕೇಳಿ ಮಾವನ ಎದೆ ಉಬ್ಬಿತು. ಬಿಳಿ ಬೋಟಿನವನಿಗೆ ಕೇಳುವಂತೆ, "ಕಲಿಸಿದವನು ನಾನು" ಎಂದರು. ಆಮೇಲೆ ಬೋಟಿನ ಕಡೆ ನೋಡಿ ಮುಖ ಸಿಂಡರಿಸಿದರು. "ಆದ್ರೂ ನನ್ನ ಬೋಟು ಹೀಗೆ ಬೆನ್ನು ತೋರಿಸ್ಕೊಂಡು ನಿಲ್ಲೋದಾ? ಸರಿ, ಒಂದ್ಸಲ ಮುಂದಕ್ಕೆ ತೆಗೆದು, ಲಕ್ಷಣವಾಗಿ ತಿರುಗಿಸಿ ಕಟ್ತೀನಿ. ನೋಡ್ಕೊಳ್ಳಿ ಎಲ್ಲರೂ, ಹೇಗೆ ಅಂತ."

ಹಗ್ಗ ಬಿಚ್ಚಿ, ಬೋಟಿಗೆ ಜಿಗಿದು, ಟೋಪಿ ಸರಿಮಾಡಿಕೊಂಡು, ಚುಕ್ಕಾಣಿಯ ಹಿಂದೆ ಕ್ಯಾಪ್ಟನ್ನಂತೆ ನಿಂತರು.

ಸಾಹೇಬರು ಕೊಡೆಯನ್ನು ಆ ಬದಿಗೆ ವಾಲಿಸಿಕೊಂಡು, ಏನೂ ಕಾಣದವರಂತೆ ಕಚೇರಿಯ ಕಡೆ ನಡೆದರು. ಹಗ್ಗದಕ್ಕ ಬಾಯಿ ತೆರೆದಳು. ಬೆಳಿಗ್ಗೆ ಮಾವ ಹೇಳಿದ ಡಾಕ್ಟರು ನೆನಪಾದರು. ಎಮ್ಮೆಯೂ ನೆನಪಾಯಿತು. ಕಣ್ಣಳತೆಯಲ್ಲೇ ನೋಡಿದಳು, ದಕ್ಕೆಯ ಅಂಚಿನುದ್ದಕ್ಕೂ ಟೈರುಗಳಿದ್ದವು, ಮಾವನ ಹಿಂದೆ ಅಜ್ಜಿ ಕುಳಿತಿದ್ದ ಮೆತ್ತನೆಯ ಬೆಂಚಿತ್ತು. ಯಾರಿಗೂ ಏನೂ ಆಗುವಂತಿರಲಿಲ್ಲ.

ಗ್ರೀಸಪ್ಪ ಗಾಬರಿಯಿಂದ ಹೆಂಡತಿಯ ಮುಖ ನೋಡಿದ. ಹೇಳಲೇ ಎಂಬಂತೆ ಹುಬ್ಬೇರಿಸಿದ.

ಹಗ್ಗದಕ್ಕ ತುಟಿಯ ಮೇಲೆ ಬೆರಳಿಟ್ಟಳು. "ಸಂಜೆ ಆಗಿಲ್ಲ ಇನ್ನೂ."

ಮಾವ ಹಿಡಿಯನ್ನು ಠೀವಿಯಿಂದ ತಮ್ಮ ಕಡೆಗೆ ಎಳೆದುಕೊಂಡರು.